ಹುಣಸೆಹಣ್ಣು ಹಾಕಿ ಉಜ್ಜಿದ ಹಂಡೆ

ಅವ್ವನ ಕೈಗುಣದ ಬಗ್ಗೆ ನಮ್ಮೂರಲ್ಲಿ ಎರಡು ಮಾತಿರಲಿಲ್ಲ. ಕುಬಟೂರಿಗೆ ಹೋಗುವ ದಾರಿಯಲ್ಲಿ ಮೂವತ್ತು ಮನೆಗಳ ಊರು ನಮ್ಮದು. ಆ ಮೂವತ್ತು ಮನೆಗಳಲ್ಲಿ ಯಾರೇ ಕುಂಬಳದ ಬೀಜ ಊರಲಿ, ಉಪ್ಪಿನಕಾಯಿಗೆ ಉಪ್ಪು ಬೆರೆಸಲಿ, ಗದ್ದೆಯಲ್ಲಿ ನಾಟಿ ಶುರುಮಾಡಲಿ, ಮೊದಲು ಅವ್ವನ ಕೈ ತಾಗಬೇಕು. ಅವಳು ಬಂದು ಒಂದು ಹಿಡಿ ಸಸಿ ನೆಟ್ಟ ಮೇಲೆಯೇ ಉಳಿದ ಹೆಂಗಸರು ಸೊಂಟ ಬಗ್ಗಿಸುತ್ತಿದ್ದರು. ಅವಳಿಗೆ ಓದುಬರಹ ಬರುತ್ತಿರಲಿಲ್ಲ, ಮೈಮೇಲೆ ಹೇಳಿಕೊಳ್ಳುವಂಥ ಒಡವೆಯೂ ಇರಲಿಲ್ಲ. ಊರು ತನ್ನನ್ನು ಕರೆಯುತ್ತದೆ ಎನ್ನುವುದೊಂದೇ ಅವಳ ದೊಡ್ಡಸ್ತಿಕೆ. ಅಷ್ಟು ವರ್ಷಗಳ ಆ ಹೆಸರನ್ನು ನಾನು ಒಂದೇ ದಿನದಲ್ಲಿ, ಒಂದು ಹಿಡಿ ಹುಣಸೆಹಣ್ಣಿನಿಂದ ಮಣ್ಣುಪಾಲು ಮಾಡಿದೆ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಇಪ್ಪತ್ತೆರಡು. ಶಿವಮೊಗ್ಗದಲ್ಲಿ ಸರ್ಕಾರದವರು ಮೀನು ಸಾಕುವುದನ್ನು ಹೇಳಿಕೊಡುತ್ತಾರೆ ಎಂದು ಯಾರೋ ಹೇಳಿದರು. ಹೋಗಿ ಹದಿನೈದು ದಿನ ಕಲಿತು ಬಂದೆ. ಹದಿನೈದು ದಿನದ ವಿದ್ಯೆಗೆ ಹದಿನೈದು ವರ್ಷದ ಜಂಬ. ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ದಾರಿಯಲ್ಲಿ ಸಿಕ್ಕ ಮೂವರಿಗೆ ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿ ಏಕಿರುತ್ತದೆ ಎಂದು ವಿವರಿಸಿದ್ದೆ. ಅವರಾರೂ ಕೇಳಿರಲಿಲ್ಲ.

ನಮ್ಮದು ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರಿಗೆ ಊರೇ ಬಿದಿರಿನ ಬುಟ್ಟಿಯಂಥ ಕೂಣಿ ಹಿಡಿದು ಕೆಸರಿಗಿಳಿದು ಮೀನು ಬಾಚಿಕೊಳ್ಳುವ ಸೀಮೆ. ಮೀನು ಮಳೆಯ ಜೊತೆ ಬರುತ್ತದೆ, ಬಿಸಿಲಿನ ಜೊತೆ ಸಾರಿಗೆ ಬೀಳುತ್ತದೆ. ನಡುವೆ ಅದಕ್ಕೆ ಉಪಚಾರ ಮಾಡಬೇಕು ಎನ್ನುವುದು ಯಾರ ತಲೆಗೂ ಹೊಳೆದ ವಿಷಯವಲ್ಲ. ಮೀನಿಗೂ ಯಾರಾದರೂ ಬೇಸಾಯ ಮಾಡುತ್ತಾರೆಯೇ ಎಂದು ಅಪ್ಪ ಕೇಳಿದ. ಆದರೂ ಗದ್ದೆಯ ಕೆಳಗಿನ ಮೂಲೆಯಲ್ಲಿ ಭತ್ತ ಕೊಳೆಯುವ ಜೌಗು ನೆಲ ಒಂದಿಷ್ಟಿತ್ತು, ಅದನ್ನು ಬಿಟ್ಟುಕೊಟ್ಟ. ಬೇಸಿಗೆಯೆಲ್ಲ ಇಬ್ಬರೂ ಅಗೆದೆವು. ಹೊಂಡಕ್ಕೆ ಸಗಣಿ ಹಾಕಿ, ಮೊದಲ ಮಳೆಯ ನೀರು ನಿಲ್ಲಿಸಿ, ನೀರು ಹಸಿರಾಗುವುದನ್ನು ನಾನು ದಿನಾ ಹೋಗಿ ನೋಡುತ್ತಿದ್ದೆ. ಮೀನು ಬರದಿದ್ದರೂ ಎಮ್ಮೆಗಳಿಗಂತೂ ಮೈ ತೊಳೆಯಲು ಅನುಕೂಲವಾಯಿತು ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ. ಅದು ಸಮಾಧಾನವೋ ಗೇಲಿಯೋ ಅವನ ಮುಖ ನೋಡಿ ತಿಳಿಯುವಂತಿರಲಿಲ್ಲ.

ಇನ್ನು ಮರಿ ತರುವುದು. ಶಿವಮೊಗ್ಗದಲ್ಲಿ ನಮಗೆ ಪಾಠ ಹೇಳಿದ ಸಾಹೇಬರು ಸ್ಪಷ್ಟವಾಗಿ ಹೇಳಿದ್ದರು: ಮಣ್ಣಿನ ಗಡಿಗೆ ತನ್ನಿ, ಅದರಲ್ಲಿ ಅರ್ಧ ನೀರು ಹಾಕಿ ಮರಿ ಕೊಡುತ್ತೇವೆ. ಕೇಳಿಸಿಕೊಂಡಿದ್ದೆ, ಬರೆದುಕೊಂಡೂ ಇದ್ದೆ. ಆದರೆ ಹೊರಡುವ ಹಿಂದಿನ ದಿನ ಗಡಿಗೆ ಕೈಗೆತ್ತಿಕೊಂಡಾಗ ಮನಸ್ಸು ಹಿಂಜರಿಯಿತು. ಕಪ್ಪು ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಸ್ ಹತ್ತಿದರೆ ಹೆಂಡದವನೆಂದು ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕಲಿತು ಬಂದವನು, ಊರಿಗೇ ಹೊಸದೊಂದು ಕಸುಬು ತರುತ್ತಿರುವವನು. ಕಣ್ಣು ಹೋದದ್ದು ಮೂಲೆಯಲ್ಲಿದ್ದ ತಾಮ್ರದ ಹಂಡೆಯ ಮೇಲೆ. ಅವ್ವ ತವರಿನಿಂದ ತಂದದ್ದು ಅದು. ಹಬ್ಬಹರಿದಿನಗಳಲ್ಲಿ, ಮದುವೆಗಳಲ್ಲಿ ಮಾತ್ರ ಹೊರಗೆ ಬರುತ್ತಿತ್ತು.

ಆ ದಿನ ಅವ್ವ ಮನೆಯಲ್ಲಿರಲಿಲ್ಲ. ಊರ ಮುಂದಿನ ಗದ್ದೆಯೊಂದರಲ್ಲಿ ಮೊದಲ ಸಸಿ ನೆಡಲು ಕರೆದಿದ್ದರೆಂದು ಬೆಳಿಗ್ಗೆಯೇ ಹೋಗಿದ್ದಳು. ನಾನು ಅಟ್ಟ ಹತ್ತಿ ಭರಣಿಯ ಮುಚ್ಚಳ ತೆಗೆದು ಹುಣಸೆಹಣ್ಣು ಹಿಡಿತುಂಬ ಕಿತ್ತುಕೊಂಡೆ. ವರ್ಷದ ಸಾರಿಗೆಂದು ಅವ್ವ ಉಪ್ಪು ಹಾಕಿ ಮುದ್ದೆ ಕಟ್ಟಿಟ್ಟಿದ್ದ ಹಣ್ಣು ಅದು. ಅದಕ್ಕೆ ಬೂದಿ ಸೇರಿಸಿ ಬಾವಿಕಟ್ಟೆಯಲ್ಲಿ ಕೂತು ಹಂಡೆಯನ್ನು ಒಳಗೂ ಹೊರಗೂ ಉಜ್ಜಿದ್ದೇ ಉಜ್ಜಿದ್ದು. ಕೊನೆಗೆ ಒಳಗೆ ಬಗ್ಗಿ ನೋಡಿದರೆ ನನ್ನ ಮುಖವೇ ಕಂಡಿತು. ಆ ಮುಖ ನೋಡಿ ನನಗೆ ಬಹಳ ಸಂತೋಷವಾಯಿತು.

ಹಂಡೆಯ ಮರ್ಯಾದೆ ಬಸ್ಸಿನಲ್ಲಿ ಚೆನ್ನಾಗಿಯೇ ನಡೆಯಿತು. ಶಿವಮೊಗ್ಗದಲ್ಲಿ ಆ ದಿನ ಸಾಹೇಬರಿರಲಿಲ್ಲ, ಮರಿ ಎಣಿಸಿಕೊಟ್ಟ ಆಳು ಹಂಡೆಯ ಬಗ್ಗೆ ಏನೂ ಕೇಳಲಿಲ್ಲ. ಬರುವಾಗ ಕಂಡಕ್ಟರು ತನ್ನ ಸೀಟಿನ ಪಕ್ಕದಲ್ಲೇ ಜಾಗ ಮಾಡಿಕೊಟ್ಟ. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದ ಹಂಡೆಯನ್ನು ನೋಡಿ ಒಬ್ಬ ಮುದುಕಿ ತೀರ್ಥವೆಂದು ತಿಳಿದು ಕೈಮುಗಿದಳು. ಒಳಗೆ ಐನೂರು ಮೀನುಮರಿಗಳಿವೆ ಎಂದು ನಾನು ಹೇಳಲಿಲ್ಲ, ಅವಳ ಭಕ್ತಿ ಏಕೆ ಕೆಡಿಸಬೇಕು? ಶಿರಾಳಕೊಪ್ಪ ದಾಟಿದ ಮೇಲೆ ಬಟ್ಟೆ ಸರಿಸಿ ನೋಡಿದೆ. ಮರಿಗಳು ಮಂಕಾಗಿದ್ದವು. ನನಗೂ ಬಸ್ಸಿನಲ್ಲಿ ತಲೆ ತಿರುಗುತ್ತಿತ್ತು, ಅವಕ್ಕೂ ಹಾಗೇ ಆಗಿರಬೇಕು ಎಂದುಕೊಂಡೆ.

ಹೊಂಡದ ಬದುವಿನ ಮೇಲೆ ಅರ್ಧ ಊರು ನೆರೆದಿತ್ತು. ಅವ್ವ ಹಂಡೆಗೆ ಅರಿಶಿನ ಕುಂಕುಮ ಹಚ್ಚಿದಳು. ಮರಿ ಬಿಡುವುದು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಅವಳು ಮೊಣಕಾಲವರೆಗೆ ನೀರಿಗಿಳಿದು, ಹಂಡೆ ವಾಲಿಸಿ, ಬೊಗಸೆ ಅಡ್ಡ ಹಿಡಿದು ಮರಿಗಳನ್ನು ಇಳಿಬಿಟ್ಟಳು. ಮೂಲೆಮನೆಯ ದೊಡ್ಡಮ್ಮ ಬದುವಿನ ಮೇಲೆ ನಿಂತು, ಇನ್ನು ಬಿಡು, ಮೀನು ಹೊಂಡದಾಗೆ ಹಿಡಿಸೋದಿಲ್ಲ ಎಂದಳು. ಅವಳ ನಾಟಿ ಮೂರನೆಯ ದಿನಕ್ಕಿತ್ತು. ಅವ್ವ ಬರಬೇಕೆಂದು ಅಲ್ಲೇ ಹೇಳಿಯೂ ಹೋದಳು.

ಮರುದಿನ ಬೆಳಿಗ್ಗೆ ಹೊಂಡದ ಮೇಲೆಲ್ಲ ಬಿಳಿಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಒಂದೂ ಉಳಿದಿರಲಿಲ್ಲ. ಅಪ್ಪ ಎಮ್ಮೆಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದ. ಅವ್ವ ಬುಟ್ಟಿ ತಂದು ಮರಿಗಳನ್ನೆಲ್ಲ ಗೋರಿ ತೆಂಗಿನ ಬುಡಕ್ಕೆ ಹಾಕಿದಳು. ಕೆಲಸ ಮುಗಿದ ಮೇಲೆ ತನ್ನ ಅಂಗೈಗಳನ್ನು ಒಮ್ಮೆ ಹೊರಳಿಸಿ ನೋಡಿಕೊಂಡಳು. ನಾನದನ್ನು ಕಂಡೆ. ಕಂಡರೂ ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ದೊಡ್ಡಮ್ಮನ ನಾಟಿಯ ದಿನ ಹೊಳೆಯಿತು. ಅವ್ವ ಬೆಳಿಗ್ಗೆ ಬೇಗ ಕೆಲಸ ಮುಗಿಸಿ, ಹಸಿರಂಚಿನ ಸೀರೆಯುಟ್ಟು, ಜಗುಲಿಯ ಮೇಲೆ ಕೂತಳು. ಹೇಳಿಹೋಗಿದ್ದರೂ ಆ ದಿನ ಯಾರಾದರೂ ಮನೆಗೆ ಬಂದು ಕರೆದುಕೊಂಡು ಹೋಗುವುದು ರೂಢಿ. ಹೊತ್ತು ಏರಿತು. ಯಾರೂ ಬರಲಿಲ್ಲ. ನಾನು ಹೊಂಡದ ಬದುವಿನಿಂದ ನೋಡಿದೆ: ದೊಡ್ಡಮ್ಮನ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದರು, ಆಗಲೇ ಅರ್ಧ ಗದ್ದೆ ಹಸಿರಾಗಿತ್ತು. ಮನೆಗೆ ಬಂದಾಗ ಅವ್ವ ಸೀರೆ ಬದಲಿಸಿ ಅಕ್ಕಿ ಆರಿಸುತ್ತಿದ್ದಳು.

"ಮಳೆ ಬರೋ ಹಂಗೈತಲ್ಲ," ಎಂದಳು. "ಅವರಿಗೂ ಅವಸರ ಆಗಿರ್ತೈತಿ."

ಊರವರನ್ನು ಬೈಯಲು ನನಗೆ ಬಾಯಿ ತುರಿಸುತ್ತಿತ್ತು. ಆದರೆ ಊರವರು ಕೆಟ್ಟವರಲ್ಲ. ಯಾರೂ ಅವ್ವನ ಎದುರಿಗೆ ಒಂದು ಮಾತಾಡಲಿಲ್ಲ, ಕಂಡಾಗ ಮೊದಲಿಗಿಂತ ಹೆಚ್ಚು ನಗುನಗುತ್ತಾ ಮಾತಾಡಿಸಿದರು. ಕರೆಯಲಿಲ್ಲ, ಅಷ್ಟೆ. ಐನೂರು ಜೀವ ಒಂದೇ ರಾತ್ರಿಗೆ ಹೋದ ಕೈಯಿಂದ ವರ್ಷದ ಅನ್ನ ಶುರುಮಾಡಲು ಯಾರಿಗೆ ತಾನೇ ಧೈರ್ಯ ಬಂದೀತು? ಅದಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ. ಆ ವಾರ ಅವ್ವ ಸೌತೆಬೀಜದ ಪೊಟ್ಟಣ ತಂದು ನನ್ನ ಕೈಗಿಟ್ಟು, ಹಿತ್ತಲಲ್ಲಿ ನೀನೇ ಊರು ಎಂದಳು. ನಾನು ಹುಟ್ಟಿದಾಗಿನಿಂದ ನಮ್ಮ ಹಿತ್ತಲಲ್ಲಿ ಬೀಜ ಊರಿದ್ದು ಅವಳೊಬ್ಬಳೇ.

ಇನ್ನೊಂದು ವಾರ ಕಳೆದ ಮೇಲೆ ಹಂಡೆಯನ್ನು ಶಿಕಾರಿಪುರಕ್ಕೆ ಒಯ್ದು ಕೊಟ್ಟು ಬಾ ಎಂದಳು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಊಟ ಸೇರುವುದಿಲ್ಲವಂತೆ. ತವರಿನ ಹಂಡೆ ಎಂದೆ. ಗೊತ್ತು ಎಂದಳು.

ಶಿಕಾರಿಪುರದ ಪೇಟೆಬೀದಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರೊಬ್ಬರಿದ್ದರು. ಅಪ್ಪನ ಕಾಲದಿಂದ ಪರಿಚಯ. ಹಳೆಯ ಪಾತ್ರೆಗಳನ್ನು ಕೊಳ್ಳುವುದೂ ಉಂಟು. ತಿದಿ ಒತ್ತುತ್ತಾ ಕೂತಿದ್ದ ಅವರು ಹಂಡೆಯನ್ನು ಹೊರಳಿಸಿ, ಬೆರಳಿನಿಂದ ಬಡಿದು, ಸದ್ದು ಕೇಳಿ, ಇಂಥದ್ದನ್ನು ಯಾಕೆ ಕೊಡುತ್ತೀರಿ ಎಂದರು. ನಾನು ಮೀನಿನ ಕಥೆಯೆಲ್ಲ ಹೇಳಿದೆ. ಅವರು ತಿದಿ ಒತ್ತುವುದನ್ನು ನಿಲ್ಲಿಸಿದರು.

"ನಿಮ್ಮ ಮನ್ಯಾಗೆ ಇದರೊಳಗೆ ಮಜ್ಜಿಗೆ ಇಡ್ತೀರೇನ್ರೀ?"

ಇಲ್ಲ ಎಂದೆ.

"ಯಾಕೆ ಇಡಲ್ಲ?"

"ಕಿಲುಬು ಬರ್ತೈತಿ."

"ಕಿಲುಬು ಬಂದ್ರೆ ನಮಗೇ ಹೊಟ್ಟೆ ತೊಳಸ್ತದೆ. ಕಲಾಯಿ ಇಲ್ಲದ ತಾಮ್ರ, ಅದೂ ಹುಳಿ ಹಾಕಿ ಉಜ್ಜಿ ಮೈ ಬಿಚ್ಚಿದ ತಾಮ್ರ. ಅದರಾಗೆ ಶಿವಮೊಗ್ಗದಿಂದ ನಿಮ್ಮೂರ ತನಕ ನೀರು ಕುಲುಕಿದೆ. ಆ ಕೂಸುಗಳು ಎಲ್ಲಿ ಬದುಕಬೇಕು, ತಮ್ಮಾ?"

ಶಿಕಾರಿಪುರದ ಪ್ರತಿ ಮನೆಯ ಹೆಂಗಸಿಗೂ ಗೊತ್ತಿದ್ದ ಸಂಗತಿ, ನಮ್ಮವ್ವನಿಗೂ ಗೊತ್ತಿದ್ದ ಸಂಗತಿ. ಮಜ್ಜಿಗೆಯ ಜೊತೆ ಮೀನನ್ನು ಸೇರಿಸಿ ಯೋಚಿಸಲು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸಾಬರು ಹಂಡೆಯನ್ನು ಕೊಳ್ಳಲು ಒಪ್ಪಲಿಲ್ಲ. ಒಳಗೆ ಕಲಾಯಿ ಹಾಕಿಡುತ್ತೇನೆ, ಇದರಲ್ಲೇ ಮತ್ತೆ ಮರಿ ತಾ, ಎಂಟು ದಿನ ಬಿಟ್ಟು ಬಾ ಎಂದರು. ಎಂಟು ದಿನ ಬಿಟ್ಟು ಹೋದರೆ ಹಂಡೆ ಅಂಗಡಿಯ ಮುಂದೆ ಕೂತಿತ್ತು. ಒಳಗೆಲ್ಲ ಬೆಳ್ಳಿಯಂತೆ ಬೆಳ್ಳಗಿತ್ತು, ನೀರು ತುಂಬಿತ್ತು, ಕೆರೆಯಿಂದ ಹಿಡಿಸಿ ತಂದಿದ್ದ ನಾಲ್ಕು ಚಿಕ್ಕ ಮೀನುಗಳು ಅದರಲ್ಲಿ ಸುತ್ತುತ್ತಿದ್ದವು. ಮೂರು ದಿನದಿಂದ ಇಲ್ಲೇ ಇದ್ದಾವೆ, ಹೋಗಲು ಮನಸ್ಸೇ ಇಲ್ಲ ಇವಕ್ಕೆ ಎಂದು ಸಾಬರು ನಕ್ಕರು.

ಮನೆಗೆ ಹೋಗಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹಂಡೆಯನ್ನು ಸಾಬರು ಕೊಳ್ಳಲಿಲ್ಲ, ಕಲಾಯಿ ಹಾಕಿಕೊಟ್ಟರು ಎಂದಷ್ಟೇ ಹೇಳಿದೆ. ಗಡಿಗೆ ಎಂದು ಬರೆದುಕೊಂಡ ಪುಸ್ತಕ ನನ್ನ ಪೆಟ್ಟಿಗೆಯಲ್ಲೇ ಇತ್ತು. ಅಪ್ಪನ ಮುಂದೆ, ಊರ ಮುಂದೆ ನನ್ನ ವಿದ್ಯೆಯ ಗತಿಯೇನಾಗುತ್ತದೆ ಎನ್ನುವ ಚಿಂತೆ ನನ್ನದು. ಅವ್ವನ ಹೆಸರಿನಿಂದ ನನ್ನ ಹೆಸರನ್ನು ಮುಚ್ಚಿಕೊಂಡು ಒಂದು ತಿಂಗಳು ಹೊಟ್ಟೆತುಂಬ ಉಂಡೆ. ಇಂದಿಗೂ ಆ ಒಂದು ತಿಂಗಳು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಳೆಗಾಲ ಕಳೆಯುವ ಮುಂಚೆ ಇನ್ನೊಮ್ಮೆ ಮರಿ ಕೊಡಲು ಸಾಹೇಬರು ಒಪ್ಪಿದರು. ಹಂಡೆ ನೋಡಿ ಹುಬ್ಬು ಗಂಟಿಕ್ಕಿದರು. ಕಲಾಯಿ ತೋರಿಸಿ, ನಾಲ್ಕು ಮೀನುಗಳ ಸಾಕ್ಷಿ ಹೇಳಿದ ಮೇಲೆ ಸಮಾಧಾನವಾದರು. ನೀರು ಅಲುಗಾಡುತ್ತಲೇ ಇರಬೇಕು, ನಿಂತರೆ ಮರಿಗಳಿಗೆ ಉಸಿರು ಕಟ್ಟುತ್ತದೆ ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಆ ವಿಷಯದಲ್ಲಿ ನನಗೆ ಭಯವಿರಲಿಲ್ಲ. ನಮ್ಮ ರಸ್ತೆಯ ಮೇಲೆ ನೀರು ನಿಶ್ಚಲವಾಗಿರುವುದು ಸಾಧ್ಯವೇ ಇರಲಿಲ್ಲ.

ಸಾಧ್ಯವಾಯಿತು. ಶಿರಾಳಕೊಪ್ಪಕ್ಕೆ ಎರಡು ಮೈಲಿ ಇರುವಾಗ ಬಸ್ಸು ಹೊಗೆಯುಗುಳಿ ನಿಂತುಬಿಟ್ಟಿತು. ಡ್ರೈವರು ಇಳಿದು ಮುಂದಿನ ಮುಚ್ಚಳ ತೆಗೆದ. ನಾನು ಬಟ್ಟೆ ಬಿಚ್ಚಿ ಕೈಯಿಂದ ನೀರು ಬಡಿಯತೊಡಗಿದೆ. ಸ್ವಲ್ಪ ಹೊತ್ತಿಗೆ ರಟ್ಟೆ ಸೋತಿತು. ಬಡಿಯುವುದನ್ನು ನಿಲ್ಲಿಸಿದರೆ ಮರಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಇದೇನು ಮಾಡುತ್ತಿದ್ದೀರಿ ಎಂದು ಹಿಂದಿನ ಸೀಟಿನ ಮೇಷ್ಟರು ಕೇಳಿದರು. ಹೇಳಿದೆ. ಅವರು ಕೋಟಿನ ತೋಳು ಮಡಚಿ ಕೂತರು. ಅವರ ನಂತರ ಬಳೆಗಾರ, ಆಮೇಲೆ ಮಗಳ ಮನೆಗೆ ಹೊರಟಿದ್ದ ಮುದುಕಿ. ಅವಳ ಕೈ ಎಲ್ಲರಿಗಿಂತ ಚುರುಕು. ಗಂಡಸರಿಗೆ ನೀರು ಬಡಿಯಲೂ ಬರುವುದಿಲ್ಲ ಎಂದು ಬೈದಳು. ಕಂಡಕ್ಟರು ಮೊದಲು ಹಂಡೆಗೆ ಲಗೇಜು ಟಿಕೆಟು ಹರಿದು ಕೊಟ್ಟು, ಆಮೇಲೆ ತನ್ನ ಸರದಿ ಮುಗಿಸಿದ. ಬಸ್ಸು ಹೊರಡುವಷ್ಟರಲ್ಲಿ ಅದರಲ್ಲಿದ್ದವರೆಲ್ಲರ ಅಂಗಿಯೂ ಒದ್ದೆ. ಇಳಿಯುವವರು ಒಬ್ಬೊಬ್ಬರೇ ಹಂಡೆಯೊಳಗೆ ಇಣುಕಿ ಮರಿಗಳಿಗೆ ಹೇಳಿಯೇ ಹೋದರು.

ಊರು ಮುಟ್ಟಿದಾಗ ಮರಿಗಳು ಚಿಮ್ಮುತ್ತಿದ್ದವು. ಈ ಸಲ ಯಾರೂ ಕರೆದಿರಲಿಲ್ಲ, ಆದರೂ ಜನ ಬಂದಿದ್ದರು. ದೊಡ್ಡಮ್ಮನೂ ಇದ್ದಳು. ಅವ್ವ ಎಲ್ಲರ ಹಿಂದೆ, ಹುಲ್ಲುಬಣವೆಯ ಪಕ್ಕ, ಕೈಗಳನ್ನು ಸೆರಗಿನೊಳಗಿಟ್ಟುಕೊಂಡು ನಿಂತಿದ್ದಳು. ನಾನು ಹಂಡೆಯನ್ನು ನೀರಿನ ಅಂಚಿಗಿಟ್ಟು ಅವಳನ್ನು ಕರೆದೆ.

"ಬ್ಯಾಡ ತಮ್ಮಾ," ಎಂದಳು. "ನನ್ನ ಕೈ ಸೋಕಿಸಬ್ಯಾಡ. ನೀನಾ ಬಿಡು."

ಅವ್ವನ ಮಾತು ಸರಿಯೆಂದೇ ಎಲ್ಲರ ಮೌನದ ಅರ್ಥ. ಹಂಡೆಯ ನೀರು ನಿಂತಿತ್ತು, ಮರಿಗಳು ಮೇಲೆ ಬಂದು ಬಾಯಿ ಬಿಡತೊಡಗಿದ್ದವು. ನಾನೇ ಬಿಟ್ಟುಬಿಡಬಹುದಿತ್ತು. ಬಿಟ್ಟು, ಅವು ಬದುಕಿದರೆ, ಅವ್ವನ ಕೈಯ ಕಥೆ ಅಲ್ಲಿಗೆ ಮುಗಿದಂತೆಯೇ. ಅವಳು ಸೆರಗಿನಿಂದ ಆ ಕೈ ಮತ್ತೆ ಹೊರತೆಗೆಯುವುದಿಲ್ಲ ಎನ್ನುವುದು ನನಗೆ ಆಗ ನಿಚ್ಚಳವಾಗಿ ಕಂಡಿತು. ನನ್ನ ಬಾಯಿ ಆಮೇಲೆ ತಾನಾಗಿ ತೆರೆಯಿತು.

"ಅವತ್ತು ಮರಿ ಸತ್ತಿದ್ದು ನಿನ್ನ ಕೈಯಿಂದಲ್ಲವ್ವ. ಸಾಹೇಬರು ಮಣ್ಣಿನ ಗಡಿಗೆ ಅಂದಿದ್ರು. ನಾನು ಜಂಬಕ್ಕೆ ತಾಮ್ರದ ಹಂಡೆ ಒಯ್ದೆ. ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಅದರ ವಿಷಕ್ಕೆ ಅವು ದಾರ್ಯಾಗೇ ಅರ್ಧ ಸತ್ತಿದ್ವು. ಇದು ನಂಗೆ ಒಂದು ತಿಂಗಳಿಂದ ಗೊತ್ತೈತಿ."

ಬದುವಿನ ಆ ತುದಿಯಿಂದ ಯಾರೋ, ಹದಿನೈದು ದಿನ ಶಿವಮೊಗ್ಗದಲ್ಲಿ ಇದನ್ನೇ ಕಲಿತು ಬಂದನಾ ಎಂದರು. ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು, ನಗು ಬದುವಿನುದ್ದಕ್ಕೂ ಹಬ್ಬಿತು. ನಾನು ತಲೆ ತಗ್ಗಿಸಿದೆ. ಇನ್ನು ಈ ಊರಲ್ಲಿ ನನ್ನ ಮೀನನ್ನು ಯಾರು ನಂಬಿ ತಿನ್ನುತ್ತಾರೆ ಎಂದು ಅನ್ನಿಸಿತು. ಅಪ್ಪನ ಮುಖ ನೋಡಲು ಧೈರ್ಯವಾಗಲಿಲ್ಲ.

ಜನರ ನಡುವೆ ದಾರಿ ಮಾಡಿಕೊಂಡು ಅವ್ವ ಮುಂದೆ ಬಂದಳು. ಹಂಡೆಯೊಳಗೆ ಬಗ್ಗಿ ಬೆಳ್ಳಗಿನ ಕಲಾಯಿ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಬದುವಿನ ಕಡೆ ತಿರುಗಿದಳು.

"ನಗೋದೇನೈತಿ ಅದರಾಗೆ? ಹುಣಸೆಹಣ್ಣು ಕೊಟ್ಟೋಳು ನಾನು. ನಾಲ್ಕು ಜನ ನೋಡೋ ಬಸ್ಸು, ಚಂದಾಗಿ ತಿಕ್ಕಿಕೊಂಡು ಹೋಗು ಅಂತ ಹೇಳ್ದೋಳೂ ನಾನಾ. ಹುಡುಗ ಏನ್ಮಾಡ್ತಾನೆ, ತಾಯಿ ಹೇಳಿದ್ದನ್ನ ಮಾಡಿದ."

ನಗು ನಿಂತಿತು. ಅವ್ವ ಸೆರಗು ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಹಂಡೆಯನ್ನು ವಾಲಿಸಿ ಹೊಂಡದ ನೀರನ್ನು ಸ್ವಲ್ಪಸ್ವಲ್ಪವೇ ಒಳಗೆ ಬಿಟ್ಟುಕೊಂಡು, ಮರಿಗಳು ತಾವಾಗಿ ಈಜಿ ಹೊರಡುವವರೆಗೆ ಬೊಗಸೆ ಹಿಡಿದು ನಿಂತಳು. ಹೋದವು, ಎಲ್ಲವೂ, ಬಾಣದ ಹಾಗೆ. ಅವಳು ಮೇಲೆ ಬಂದಾಗ ಕೈ ಒರೆಸಿಕೊಳ್ಳಲು ತನ್ನ ಸೆರಗು ನೀಡಿದವಳು ಮೂಲೆಮನೆಯ ದೊಡ್ಡಮ್ಮ.

ಮೀನು ಬೆಳೆದವು. ಅವ್ವ ದಿನಾ ಬೆಳಿಗ್ಗೆ ತೌಡು, ಹಿಂಡಿ ಒಯ್ದು ಎರಚುತ್ತಿದ್ದಳು. ಅವಳ ಬಳೆಯ ಸದ್ದಿಗೆ ಅವು ದಡಕ್ಕೆ ಬರುತ್ತಿದ್ದವು. ನಾನು ಹೋದರೆ ಬರುತ್ತಿರಲಿಲ್ಲ. ಎಮ್ಮೆಗಳು ಹೊಂಡಕ್ಕೆ ಇಳಿಯದಂತೆ ಅಪ್ಪ ಬೇಲಿ ಹಾಕಿದ, ಕಾರಣ ಹೇಳಲಿಲ್ಲ. ಬೇಸಿಗೆಯ ಹೊತ್ತಿಗೆ ಮೊಳಕೈಯುದ್ದದ ಕಾಟ್ಲಾ ಹಿಡಿದು ಆನವಟ್ಟಿಯ ಸಂತೆಗೆ ಒಯ್ದೆ. ಹೊತ್ತು ಏರುವ ಮೊದಲೇ ಬುಟ್ಟಿ ಬರಿದಾಯಿತು. ಎರಡನ್ನು ಮಾತ್ರ ಮಾರದೆ ಉಳಿಸಿಕೊಂಡಿದ್ದೆ. ಒಂದು ಶಿಕಾರಿಪುರದ ಸಾಬರ ಮನೆಗೆ ಹೋಯಿತು, ಇನ್ನೊಂದನ್ನು ಅವ್ವ ತಾನೇ ಹೊತ್ತು ದೊಡ್ಡಮ್ಮನ ಮನೆಗೆ ಕೊಟ್ಟು ಬಂದಳು. ಮರುವರ್ಷ ಮಳೆ ಹಿಡಿದು ಸಸಿ ಎದ್ದಾಗ, ನಾಟಿಗೆ ಇನ್ನೂ ಎರಡು ದಿನವಿರುವಂತೆಯೇ, ದೊಡ್ಡಮ್ಮ ಎಲೆ ಅಡಿಕೆ ಹಿಡಿದು ನಮ್ಮ ಜಗುಲಿ ಹತ್ತಿದಳು. ಅವ್ವ ಒಳಗೆ ಹೋಗಿ ಹಸಿರಂಚಿನ ಸೀರೆಯನ್ನು ಗಾಳಿಗೆ ಹಾಕಿದಳು.

ಆ ಹೊಂಡದ ಪಕ್ಕ ಆಮೇಲೆ ಇನ್ನೂ ಮೂರು ಹೊಂಡ ತೋಡಿದೆವು. ಪ್ರತಿ ವರ್ಷ ಮರಿ ಬಿಟ್ಟದ್ದು ಅವ್ವನೇ, ಮರಿ ಬಂದದ್ದು ಅದೇ ಹಂಡೆಯಲ್ಲೇ. ಮನೆಗೆ ಯಾರೇ ಹೊಸಬರು ಬರಲಿ, ಮೀನಿನ ಸಾರು ಬಡಿಸುತ್ತಾ ಅವ್ವ ಈ ಕಥೆ ಹೇಳದೆ ಬಿಡುತ್ತಿರಲಿಲ್ಲ. ತಾನು ಹೇಗೆ ಅಟ್ಟದಿಂದ ಹುಣಸೆಹಣ್ಣು ಇಳಿಸಿ ಕೊಟ್ಟೆ, ಚಂದಾಗಿ ತಿಕ್ಕು ಎಂದೆ, ತನ್ನ ದಡ್ಡತನಕ್ಕೆ ಐನೂರು ಮರಿ ಹೇಗೆ ಹೋದವು ಎಂದು ಹೇಳಿ ತಾನೇ ಮೊದಲು ನಗುತ್ತಿದ್ದಳು. ವರ್ಷ ಕಳೆದಂತೆ ಕಥೆಗೆ ಹೊಸ ಹೊಸ ವಿವರಗಳು ಸೇರಿದವು. ನಾನು ಎದುರಿಗೇ ಕೂತು ಉಣ್ಣುತ್ತಿದ್ದೆ. ಒಮ್ಮೆ ತಿದ್ದಲು ಬಾಯಿ ತೆರೆದಾಗ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿ, ಸುಮ್ಮನೆ ಉಣ್ಣು ಎಂದಳು.

ಅವಳು ಇದ್ದಷ್ಟು ದಿನ ತಿದ್ದಲಾಗಲಿಲ್ಲ, ಇಲ್ಲಿ ತಿದ್ದುತ್ತೇನೆ. ಹುಣಸೆಹಣ್ಣು ಕದ್ದವನು ನಾನು. ಆ ದಿನ ಅವ್ವ ಮನೆಯಲ್ಲೇ ಇರಲಿಲ್ಲ, ಯಾರದೋ ಗದ್ದೆಯಲ್ಲಿ ಮೊದಲ ಸಸಿ ನೆಡುತ್ತಿದ್ದಳು.